ಬಿಡಿ ಮೇಡಂ, ಭಾರ ಇದೆ

ನಮ್ಮ ಕಡೆ ಸಿನಿಮಾ ಕ್ಯಾಮೆರಾ ಒಂಟಿಯಾಗಿ ಸೆಟ್ಟಿಗೆ ಬರುವುದಿಲ್ಲ. ಬಾಡಿಗೆ ಕಂಪನಿಯಿಂದ ಅದರ ಜೊತೆಗೇ ಅಟೆಂಡರ್‌ಗಳು ಬರುತ್ತಾರೆ. ಪೆಟ್ಟಿಗೆ ತೆಗೆಯುವವರು ಅವರು, ಲೆನ್ಸ್ ಹಾಕುವವರು ಅವರು, ಪ್ಯಾಕಪ್ ಆದಮೇಲೆ ಒರೆಸಿ ಮುಚ್ಚಿಡುವವರೂ ಅವರೇ. ಇದರಲ್ಲಿ ತಪ್ಪೇನಿಲ್ಲ. ಒಂದು ಅಲೆಕ್ಸಾ ಸಿನಿಮಾ ಕ್ಯಾಮೆರಾ, ಜೊತೆಗೆ ಒಳ್ಳೆಯ ಒಂದು ಸೆಟ್ ಲೆನ್ಸ್ ಅಂದರೆ ಕೋಟಿ ರೂಪಾಯಿ ಲೆಕ್ಕ. ಯಾರ್ಯಾರದೋ ಕೈಗೆ ಕೊಡೋಕಾಗುತ್ತಾ? ಆದರೆ ಕ್ಯಾಮೆರಾ ಕೆಲಸ ಕೈಗೆ ಹತ್ತುವುದೂ ಈ ಪೆಟ್ಟಿಗೆಗಳ ನಡುವೆಯೇ. ಶಾಟ್ ನಡೆಯುವಾಗ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವ ಎಷ್ಟೋ ಒಳ್ಳೆಯ ಫೋಕಸ್ ಪುಲ್ಲರ್‌ಗಳು ಅಟೆಂಡರ್ ಆಗಿ ಶುರು ಮಾಡಿದವರು. ಊರಿಂದ ಬಂದು, ಗೋಡೌನಿನಲ್ಲೇ ಮಲಗಿ, ಯೂನಿಟ್ ವ್ಯಾನಿನಲ್ಲಿ ರಾತ್ರಿಯೆಲ್ಲ ಓಡಾಡಿ ಕಲಿತವರು. ಹೆಣ್ಣುಮಗಳೊಬ್ಬಳು ಆ ದಾರಿಯಲ್ಲಿ ಹೋದದ್ದನ್ನು ನಾನು ಕಂಡಿಲ್ಲ.

ನಾನು ಕೆಲವು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಸೀಸನ್ ಬಂದರೆ ಮದುವೆ ಶೂಟಿಂಗಿಗೂ ಹೋಗುತ್ತಿದ್ದೆ. ಮದುವೆಯಲ್ಲಿ ಲೇಡಿ ವಿಡಿಯೋಗ್ರಾಫರ್‌ಗೆ ಬೇಡಿಕೆ ಚೆನ್ನಾಗಿಯೇ ಇದೆ. ಹುಡುಗಿ ಸೀರೆ ಉಡುವಾಗ, ಜಡೆ ಹೆಣೆಯುವಾಗ ನಾವು ಬೇಕು. ಮುಹೂರ್ತದ ಹೊತ್ತಿಗೆ ಮೇನ್ ಕ್ಯಾಮೆರಾ ಹುಡುಗರ ಕೈಗೆ. ಸಿನಿಮಾ ಸೆಟ್ಟಿನಲ್ಲಿ ಅಷ್ಟೂ ಇಲ್ಲ. ಟ್ರೈಪಾಡ್ ಎತ್ತಲು ಬಗ್ಗಿದರೆ ಸಾಕು, ಎಲ್ಲಿಂದಲೋ ಒಂದು ಕೈ ಬರುತ್ತದೆ. “ಬಿಡಿ ಮೇಡಂ, ಭಾರ ಇದೆ.” ಅವಮಾನ ಮಾಡಲು ಹೇಳುವ ಮಾತಲ್ಲ ಅದು. ಕಾಳಜಿಯಿಂದಲೇ ಹೇಳುತ್ತಾರೆ. ಅದಕ್ಕೇ ಜಗಳ ಆಡಲೂ ಬರುವುದಿಲ್ಲ.

ಹೆಣ್ಣುಮಕ್ಕಳು, ಟ್ರಾನ್ಸ್ ಮತ್ತು ನಾನ್‌ಬೈನರಿ (ಗಂಡು ಅಥವಾ ಹೆಣ್ಣು ಅಂತ ಗುರುತಿಸಿಕೊಳ್ಳದ) ಜನರಿಗೆಂದೇ ಬೆಂಗಳೂರಿನಲ್ಲಿ ಸಿನಿಮಾ ಕ್ಯಾಮೆರಾ ತರಬೇತಿ ಇದೆ ಅಂತ ಗೆಳತಿ ವಾಟ್ಸಾಪ್ ಕಳಿಸಿದಳು. ಪೋಸ್ಟರಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಸಾಲು: ಒಂದು ಕ್ಯಾಮೆರಾಗೆ ನಾಲ್ಕೇ ಜನ. ಈ ಸಾಲಿನ ಬೆಲೆ ಗೊತ್ತಾಗಬೇಕಾದರೆ ನೀವು ಹಿಂದೆ ಒಂದು ವರ್ಕ್‌ಶಾಪಿಗೆ ಹೋಗಿರಬೇಕು. ಐವತ್ತು ಜನ ಕುರ್ಚಿ ಮೇಲೆ ಕೂತು, ದೂರದಲ್ಲಿ ಸ್ಟೇಜ್ ಮೇಲೆ ಕ್ಯಾಮೆರಾ ನೋಡಿ, ಸರ್ಟಿಫಿಕೇಟ್ ಇಸಿದುಕೊಂಡು, ಗ್ರೂಪ್ ಫೋಟೋ ತೆಗೆಸಿಕೊಂಡು ಬರುವ ವರ್ಕ್‌ಶಾಪು. ಅಂಥದ್ದಕ್ಕೆ ದುಡ್ಡು ಸುರಿದವಳು ನಾನು. ಹಾಗಾಗಿ ಫೋನ್ ಮಾಡಿ ಕೇಳಿಯೇಬಿಟ್ಟೆ, ಮುಟ್ಟೋಕೆ ಕೊಡ್ತೀರಾ ಅಂತ. ಆ ಕಡೆಯವರು ನಕ್ಕರು. “ಮುಟ್ಟದೇ ಇದ್ರೆ ವಾಪಸ್ ಕಳಿಸ್ತೀವಿ.”

ಜಾಗ ಒಂದು ಬಾಡಿಗೆ ಕಂಪನಿಯ ಮಹಡಿ. ಕಲಿಸಲು ಬಂದವರು ಚೆನ್ನೈನಲ್ಲಿ ಕೆಲಸ ಮಾಡುವ ಸಿನಿಮಾಟೋಗ್ರಾಫರ್, ಹೆಂಗಸು. ತಮಿಳು ಬೆರೆತ ಕನ್ನಡ. ಅವರನ್ನು ನಾವೆಲ್ಲ ಟೀಚರ್ ಅಂತಲೇ ಕರೆದೆವು. ಜೊತೆಗೆ ಆ ಕಂಪನಿಯ ಹಿರಿಯ ಫೋಕಸ್ ಪುಲ್ಲರ್ ಒಬ್ಬರು, ಎಲ್ಲರಿಗೂ ಅಣ್ಣ. ಟೀಚರ್ ಅಣ್ಣನಿಗೆ ಹಾಕಿದ್ದ ಕಂಡೀಷನ್ ಒಂದೇ. ಬಾಯಲ್ಲಿ ಎಷ್ಟು ಬೇಕಾದರೂ ಹೇಳಿ, ಕೈ ಮಾತ್ರ ಜೇಬಿನಲ್ಲಿರಲಿ. ಪಾಪ, ಅವರು ಪಟ್ಟ ಕಷ್ಟ ನೋಡಬೇಕಿತ್ತು. ನಾವು ಲೆನ್ಸ್ ಎತ್ತಿದಾಗೆಲ್ಲ ಅವರ ಪ್ಯಾಂಟ್ ಜೇಬು ಅಲ್ಲಾಡುತ್ತಿತ್ತು.

ಸ್ವಾಗತ ಭಾಷಣ ಇರಲಿಲ್ಲ. ಕ್ಯಾಮೆರಾ ಟೇಪಿನ ಒಂದು ಉರುಳೆ ಕೊಟ್ಟು, ನಿಮ್ಮನ್ನು ಏನಂತ ಕರೀಬೇಕೋ ಬರೆದು ಅಂಟಿಸಿಕೊಳ್ಳಿ ಅಂದರು. ಆಧಾರ್ ಕಾರ್ಡಿನ ಹೆಸರು ಯಾರಿಗೂ ಬೇಕಿರಲಿಲ್ಲ. ಕೊಪ್ಪಳದಿಂದ ಬಂದಿದ್ದ ಟ್ರಾನ್ಸ್ ಗೆಳತಿ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದು ಬೆನ್ನಿಗೂ ಒಂದು ಅಂಟಿಸಿಕೊಂಡಳು. ಹಿಂದಿನಿಂದ ಕರೆಯುವವರಿಗೂ ತಪ್ಪು ಆಗಬಾರದಲ್ವಾ ಅಂದಳು.

ಮೊದಲ ಪಾಠ ಕಾಲಿನದ್ದು. ಟ್ರೈಪಾಡ್ ಕಾಲು. ಬಿಚ್ಚುವುದು, ಮೂರೂ ಕಾಲು ಸರಿಯಾಗಿ ಊರುವುದು, ಬೌಲ್ ಸಡಿಲ ಮಾಡಿ ಮಟ್ಟ ತೋರಿಸುವ ಗುಳ್ಳೆಯನ್ನು ನಡುವೆ ನಿಲ್ಲಿಸುವುದು, ಕ್ಯಾಮೆರಾ ಕೂರುವ ಹೆಡ್ಡಿನ ಬಿಗಿ ನೋಡುವುದು. ಕ್ಯಾಮೆರಾ ಕೂರಿಸಿದ ಮೇಲೆ ಪ್ಲೇಟ್ ಹಿಂದೆ ಮುಂದೆ ಸರಿಸಿ ತೂಕ ಸಮ ಮಾಡುವುದು. ಕೈ ಬಿಟ್ಟರೂ ಕ್ಯಾಮೆರಾ ಮುಂದಕ್ಕೆ ಬಾಗಬಾರದು. ಹಾಗಂತ ಕೈ ಬಿಡಲೂಬಾರದು, ಟಿಲ್ಟ್ ಲಾಕ್ ಹಾಕದೆ ಯಾರೂ ಪಕ್ಕಕ್ಕೆ ಹೋಗುವಂತಿಲ್ಲ. ಇಷ್ಟನ್ನೇ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಧ್ಯಾಹ್ನ ಆಯಿತು. ಬೋರ್ ಹೊಡೆಯಿತಾ? ಸ್ವಲ್ಪ. ಆದರೆ ಈಗ ಕತ್ತಲಲ್ಲೂ ಮಾಡುತ್ತೇನೆ.

ಭಾರದ ವಿಷಯಕ್ಕೆ ಬರೋಣ. ಅಲೆಕ್ಸಾ ಮಿನಿ ಬಾಡಿ ಬರೀ 2.3 ಕಿಲೋ. ಲೆನ್ಸ್, ಮ್ಯಾಟ್ ಬಾಕ್ಸ್, ಮಾನಿಟರ್, ಫೋಕಸ್ ಮೋಟಾರ್, ವೈರ್‌ಲೆಸ್ ವಿಡಿಯೋ, ಬ್ಯಾಟರಿ ಎಲ್ಲ ಸೇರಿದರೆ ಹತ್ತು ಕಿಲೋ ದಾಟುತ್ತದೆ. ಕೆಲವು ಝೂಮ್ ಲೆನ್ಸ್‌ಗಳಂತೂ ಒಂದೊಂದೇ ಹತ್ತು ಹನ್ನೊಂದು ಕಿಲೋ. ಭಾರ ಹೌದು. ಆದರೆ ತುಂಬಿದ ಅಡುಗೆ ಗ್ಯಾಸ್ ಸಿಲಿಂಡರ್ ಮೂವತ್ತು ಕಿಲೋ ಹತ್ತಿರ ಇರುತ್ತದೆ. “ಅದನ್ನ ಮನೇಲಿ ಎಳೆಯೋವಾಗ ಯಾರೂ ಬಿಡಿ ಮೇಡಂ ಅನ್ನಲ್ಲ” ಅಂತ ಹಾಸನದ ಹುಡುಗಿ ಹೇಳಿದಳು. ಅಣ್ಣನೂ ನಕ್ಕರು. ಮಂಡಿ ಮಡಚಿ, ಪೆಟ್ಟಿಗೆ ಮೈಗೆ ಒತ್ತಿ ಹಿಡಿದು, ಸೊಂಟ ಬಗ್ಗಿಸದೆ ಏಳುವುದು ಹೇಗೆ ಅಂತ ತೋರಿಸಿದವರು ಅವರೇ. ದೊಡ್ಡ ಪೆಟ್ಟಿಗೆಗೆ ಇಬ್ಬರು, ಅದು ಗಂಡಸರಿಗೂ ರೂಲ್ ಅಂತೆ. ಸೆಟ್ಟಿನಲ್ಲಿ ಅದನ್ನು ಪಾಲಿಸದೆ ಸೊಂಟ ಕಳಕೊಂಡವರ ಕಥೆಗಳೂ ಅವರ ಹತ್ತಿರ ಬೇಕಾದಷ್ಟಿದ್ದವು.

ಲೆನ್ಸ್ ಬದಲಿಸುವುದು ಒಂದು ಪುಟ್ಟ ನಾಟಕದ ಹಾಗೆ ನಡೆಯುತ್ತದೆ. ಲೆನ್ಸನ್ನು ಕ್ಯಾಮೆರಾಗೆ ಕಚ್ಚಿಸುವ ಪಿಎಲ್ ಮೌಂಟಿನ ಉಂಗುರ ತಿರುಗಿಸುವ ಮುಂಚೆ ಇನ್ನೊಂದು ಕೈ ಲೆನ್ಸಿನ ಕೆಳಗೆ ಇರಬೇಕು. ತೆಗೆದ ಲೆನ್ಸನ್ನು ಪಕ್ಕದವರಿಗೆ ಕೊಡುವಾಗ “ಹಿಡ್ಕೊಂಡ್ರಾ?” ಅಂತ ಕೇಳಬೇಕು. ಅವರು “ಹಿಡ್ಕೊಂಡೆ” ಅನ್ನುವವರೆಗೆ ಬೆರಳು ಸಡಿಲ ಮಾಡುವಂತಿಲ್ಲ. ತಲೆ ಅಲ್ಲಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲೊಬ್ಬಳು ತುಂಬ ಮೆಲುದನಿಯವಳು. ಟೀಚರ್ ಅವಳ ಕೈಗೆ ಲೆನ್ಸ್ ಬಿಡದೆ ಹಾಗೇ ನಿಂತರು. “ಕೇಳಿಸಲಿಲ್ಲ.” ಮತ್ತೆ “ಕೇಳಿಸಲಿಲ್ಲ.” ಕೊನೆಗೆ ಅವಳು ಕಿರುಚಿದಳು, “ಹಿಡ್ಕೊಂಡೇ!” ಕೆಳಗಿನ ಮಹಡಿಯಿಂದ ಯಾರೋ ಓಡಿಬಂದು ಏನಾಯ್ತು ಅಂತ ಕೇಳಿದರು.

ಎಷ್ಟು ಬೆಳಕು ಬಿಡುತ್ತದೆ ಅನ್ನುವ ಅಳತೆಗೆ ಸಿನಿಮಾ ಲೆನ್ಸಿನ ಮೇಲೆ ಎಫ್ ಬದಲು ಟಿ ಅಂತ ಇರುತ್ತದಲ್ಲ, ಅದು ಯಾಕೆ ಅಂತಲೂ ಅವತ್ತೇ ತಿಳಿಯಿತು. ಎಫ್ ಬರೀ ಲೆಕ್ಕ. ಗಾಜು ಒಂದಿಷ್ಟು ಬೆಳಕು ತಿಂದುಹಾಕಿದ ಮೇಲೆ ನಿಜವಾಗಿ ಒಳಗೆ ಬರುವುದು ಟಿ. ಒಂದೇ ಸೀನಿನಲ್ಲಿ ಲೆನ್ಸ್ ಬದಲಿಸಿದರೂ ಬೆಳಕು ಹೆಚ್ಚುಕಮ್ಮಿ ಆಗಬಾರದು ಅಂತ ಈ ವ್ಯವಸ್ಥೆ.

ನನಗೆ ಹುಚ್ಚು ಹಿಡಿಸಿದ್ದು ಫೋಕಸ್. 50 ಎಂಎಂ ಲೆನ್ಸ್, ಟಿ 2, ಸೂಪರ್ 35 ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್), ಎದುರಿನವರು 2 ಮೀಟರ್ ದೂರದಲ್ಲಿದ್ದಾರೆ ಅಂದುಕೊಳ್ಳಿ. ಶಾರ್ಪ್ ಆಗಿ ಕಾಣುವ ಜಾಗ ಸುಮಾರು 16 ಸೆಂಟಿಮೀಟರ್. ಒಂದು ಗೇಣೂ ಇಲ್ಲ. 85 ಎಂಎಂ ಹಾಕಿದರೆ ಐದಾರು ಸೆಂಟಿಮೀಟರ್. ಕಣ್ಣು ಶಾರ್ಪ್ ಇದ್ದರೆ ಕಿವಿ ಸಾಫ್ಟ್. ಆ ಮನುಷ್ಯ ಉಸಿರಾಡುತ್ತಾನೆ, ಅಲ್ಲಾಡುತ್ತಾನೆ, ರಿಹರ್ಸಲಿನಲ್ಲಿ ನಿಂತ ಕಡೆ ಟೇಕಿನಲ್ಲಿ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಮುಖ ಹುಡುಕಿಕೊಳ್ಳುವ ಆಟೋಫೋಕಸ್‌ಗೆ ಒಗ್ಗಿದವರಿಗೆ ಇದು ಬೇರೆಯೇ ಲೋಕ.

ಕ್ಯಾಮೆರಾ ಮೈಮೇಲೆ ಒಂದು ಸಣ್ಣ ಗುರುತು ಇರುತ್ತದೆ, ಸೊನ್ನೆಯ ನಡುವೆ ಗೆರೆ ಎಳೆದ ಹಾಗೆ. ಸೆನ್ಸರ್ ಇರುವ ಜಾಗ ಅದು. ಅಳತೆ ಲೆನ್ಸಿನ ಮೂತಿಯಿಂದ ಅಲ್ಲ, ಅಲ್ಲಿಂದ. ಟೇಪ್ ಹಿಡಿದು ಅಲ್ಲಿಂದ ನಟಿಯ ಕಣ್ಣಿನವರೆಗೆ ಅಳೆದು, ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ, ಅದೇ ಗುರುತನ್ನು ಫೋಕಸ್ ಚಕ್ರದ ಬಿಳಿ ಪಟ್ಟಿ ಮೇಲೆ ಪೆನ್ಸಿಲಿನಲ್ಲಿ ಹಾಕಿಕೊಳ್ಳಬೇಕು. ನಮ್ಮ ಎಕ್ಸರ್‌ಸೈಜ್ ಸುಲಭದ್ದೇ: ಒಬ್ಬಳು ಬಾಗಿಲಿಂದ ಕಿಟಕಿವರೆಗೆ ನಡೆದು ಬಂದು ತಿರುಗಿ ನೋಡಬೇಕು. ಸುಮ್ನೆ ನಡೆಯುವುದು. ಚಕ್ರ ನನ್ನ ಕೈಯಲ್ಲಿ. ಕಣ್ಣು ಮಾನಿಟರ್ ಮೇಲೆ.

“ಅಲ್ಲೇನ್ ನೋಡ್ತೀರಾ?” ಅಂದರು ಅಣ್ಣ. “ಅದರಲ್ಲಿ ಸಾಫ್ಟ್ ಅಂತ ಕಾಣೋ ಹೊತ್ತಿಗೆ ಲೇಟಾಗಿರುತ್ತೆ. ಆಯಮ್ಮನ್ನ ನೋಡಿ.” ಕ್ಯಾಮೆರಾ ಪಕ್ಕಕ್ಕೆ ನಿಲ್ಲಿಸಿದರು. ಮನುಷ್ಯರು ನಿಲ್ಲುವ ಮೊದಲು ಭುಜ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ತಿರುಗುವ ಮೊದಲು ಹಿಮ್ಮಡಿ ತಿರುಗುತ್ತದೆ, ಆ ಹಿಮ್ಮಡಿ ನೋಡುತ್ತಾ ಚಕ್ರ ತಿರುಗಿಸಿ ಅಂದರು. ನೋಡಿದೆ. ಹೌದು! ಅವಳು ನಿಲ್ಲುವುದು ಅವಳಿಗಿಂತ ಮೊದಲೇ ನನಗೆ ಗೊತ್ತಾಗತೊಡಗಿತು. ಅವಳು ಕಿಟಕಿ ಹತ್ತಿರ ಬಂದು ತಿರುಗಿದಾಗ ಮಾನಿಟರ್ ಸುತ್ತ ನಿಂತವರು “ಓ” ಅಂದರು. ನಾನು ಮಾನಿಟರ್ ನೋಡಿರಲಿಲ್ಲ. ಅಣ್ಣ ಕಲಿಸಿದ ಇನ್ನೊಂದು ಆಟ, ಟೀ ಕುಡಿಯಲು ಹೋಗುವಾಗ ಕರೆಂಟ್ ಕಂಬ ಎಷ್ಟು ಅಡಿ ದೂರ ಅಂತ ಊಹಿಸುವುದು, ಆಮೇಲೆ ಟೇಪ್ ಹಿಡಿದು ನೋಡುವುದು. ಬೀದಿಯಲ್ಲಿ ನಾವೊಂದಿಷ್ಟು ಜನ ಟೇಪ್ ಹಿಡಿದು ಅಳೆಯುತ್ತಿದ್ದರೆ ಅಂಗಡಿಯವರು ರಸ್ತೆ ಅಗಲ ಮಾಡ್ತಾರಾ ಅಂತ ಗಾಬರಿಯಾಗಿ ಕೇಳಿದರು.

ಶಟರ್ ಪಾಠ ಚಿಕ್ಕದು, ಆದರೆ ಉಪಯೋಗದ್ದು. ಶಟರ್ ಅಂದರೆ ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು, ಅದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಎಲ್ಲ ಕಡೆ 180 ಡಿಗ್ರಿ ಶಟರ್ ಅಂತ ಹೇಳಿಕೊಡುತ್ತಾರೆ. ಸೆಕೆಂಡಿಗೆ 24 ಫ್ರೇಮ್ ಓಡಿದರೆ ಅದು ಸೆಕೆಂಡಿನ 1/48 ಆಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಶಟರ್ 1/50 ಇದ್ದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡೆರಡು ಮಿಣುಕು ಸಿಗುತ್ತದೆ, ಬೆಳಕು ನಿಲ್ಲುತ್ತದೆ. ಅದಕ್ಕೆ ಇಲ್ಲಿ 172.8 ಡಿಗ್ರಿ ಇಡುತ್ತಾರೆ. ಈ ವಿಚಿತ್ರ ಸಂಖ್ಯೆಯನ್ನು ಸೆಟ್ಟಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ, ಕೇಳುವ ಜಾಗದಲ್ಲಿ ನಾನೂ ಇರಲಿಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳು ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಟೆಸ್ಟ್ ಮಾಡಿಯೇ ನೋಡಬೇಕು.

ಕೊನೆಯ ಭಾಗಕ್ಕೆ ಮಲ್ಲೇಶ್ವರದ ಒಂದು ಹಳೇ ಮನೆಗೆ ಹೋದೆವು. ಕೆಂಪು ರೆಡ್ ಆಕ್ಸೈಡ್ ನೆಲ, ಮರದ ಕಂಬ, ದೊಡ್ಡ ಕಿಟಕಿ. ಒಂದು ಪುಟ್ಟ ಸೀನು. ಕೆಲಸಗಳು ಸರದಿ ಮೇಲೆ: ಒಂದು ಶಾಟಿಗೆ ಸಿನಿಮಾಟೋಗ್ರಾಫರ್, ಮುಂದಿನದಕ್ಕೆ ಫೋಕಸ್, ಆಮೇಲೆ ಲೈಟ್, ಆಮೇಲೆ ಕ್ಲಾಪ್. ನಟಿಸಲು ನಿಂತವಳು ಕೊಪ್ಪಳದ ಗೆಳತಿ. ಒಳ್ಳೆ ಕಪ್ಪು ಮೈಬಣ್ಣ ಅವಳದು.

ಕ್ಯಾಮೆರಾದಲ್ಲಿ ಫಾಲ್ಸ್ ಕಲರ್ ಅಂತ ಒಂದು ಸೌಲಭ್ಯ ಇದೆ. ಬೆಳಕು ಎಲ್ಲಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ಮಧ್ಯಮ ಬೂದು ಹಸಿರಾಗಿ ಕಾಣುತ್ತದೆ, ಅದಕ್ಕಿಂತ ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡು ಪಟ್ಟು ಬೆಳಕು ಇದ್ದರೆ ಗುಲಾಬಿ. ಮುಖ ಗುಲಾಬಿ ಬಂದರೆ ಸರಿ ಅಂತ ನಾನು ಇಂಟರ್‌ನೆಟ್ಟಿನಲ್ಲಿ ನೋಡಿ ಕಲಿತಿದ್ದು. ನಮ್ಮ ತಂಡ ಹಾಗೇ ಲೈಟ್ ಏರಿಸುತ್ತಾ ಹೋಯಿತು. ಮುಖ ಗುಲಾಬಿ ಬಂತು. ಆದರೆ ಮಾನಿಟರಿನಲ್ಲಿ ಇದ್ದವಳು ಅವಳಲ್ಲ. ಬೂದಿ ಬಳಿದ ಹಾಗಿದ್ದ ಯಾರೋ. ಅವಳೇ ಬಂದು ನೋಡಿ, “ಇದು ನಾನಾ?” ಅಂದಳು.

ಆ ಗುಲಾಬಿ ಲೆಕ್ಕ ಬಿಳಿಯರ ಚರ್ಮದ್ದು ಅಂದರು ಟೀಚರ್. ಹಿಂದೆ ಫೋಟೋ ಲ್ಯಾಬ್‌ಗಳಲ್ಲಿ ಬಣ್ಣ ಸರಿಮಾಡಲು ಇಟ್ಟುಕೊಳ್ಳುತ್ತಿದ್ದ ಕೊಡಾಕ್ ಕಾರ್ಡಿನಲ್ಲೂ ದಶಕಗಟ್ಟಲೆ ಇದ್ದದ್ದು ಬಿಳಿ ಹೆಂಗಸಿನ ಫೋಟೋನೇ. ಅದಕ್ಕೆ ‘ಶರ್ಲಿ ಕಾರ್ಡ್’ ಅಂತಲೇ ಹೆಸರು. ನಮ್ಮವರು ಅದನ್ನು ಪಾಲಿಸಿದ್ದಲ್ಲದೆ ಮೇಲೆ ಪೌಡರ್ ಬೇರೆ ಹಾಕಿದರು. ಟೀಚರ್ ಲೈಟ್ ಕಮ್ಮಿ ಮಾಡಿಸಿದರು, ಮುಖ ಹಸಿರಿಗೂ ಕೆಳಗೆ ಇಳಿಯಿತು. ಆಮೇಲೆ ದೊಡ್ಡ ಥರ್ಮಕೋಲ್ ತಂದು, ಬೆಳಕು ಅದಕ್ಕೆ ಬಡಿದು ವಾಪಸ್ ಬರುವ ಹಾಗೆ ಪಕ್ಕದಿಂದ ಬೌನ್ಸ್ ಕೊಡಿಸಿದರು. ಕಪ್ಪು ಚರ್ಮ ಹೊಳಪಿನಲ್ಲಿ ಆಕಾರ ತೋರಿಸುತ್ತದೆ. ಬೆಳಕು ಜಾಸ್ತಿ ಬೇಕಿಲ್ಲ, ಅಗಲ ಬೇಕು. ಗೆಳತಿ ಬ್ಯಾಗಿನಿಂದ ಕೊಬ್ಬರಿ ಎಣ್ಣೆ ತೆಗೆದು ಒಂದು ಹನಿ ಕೆನ್ನೆಗೆ ಸವರಿಕೊಂಡಳು. ಕೆನ್ನೆಯ ಮೂಳೆ, ಮೂಗಿನ ಗೆರೆ, ಕತ್ತಿನ ನರ ಒಂದೊಂದಾಗಿ ಎದ್ದು ಬಂದವು.

ಇನ್ನೊಂದು ತೊಂದರೆ ನೆಲದ್ದು. ಮಧ್ಯಾಹ್ನದ ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗಲ್ಲದ ಕೆಳಗೆಲ್ಲ ಕೆಂಪು ಚೆಲ್ಲುತ್ತಿತ್ತು. ಎಲ್ಲರೂ ವೈಟ್ ಬ್ಯಾಲೆನ್ಸ್ ಮೆನು ತೆಗೆದು ಕೂತೆವು. ಹಾಸನದ ಹುಡುಗಿ ಮಾತ್ರ ಮನೆಯವರನ್ನು ಕೇಳಿ ಒಂದು ಬಿಳಿ ಪಂಚೆ ತಂದು ಫ್ರೇಮಿನ ಆಚೆ ನೆಲಕ್ಕೆ ಹಾಸಿದಳು. ಮುಗಿಯಿತು.

ಭುಜದ ಮೇಲೆ ಕ್ಯಾಮೆರಾ ಇಟ್ಟು ಶೂಟ್ ಮಾಡುವ ದಿನ ಮೈಯ ಮಾತು ಬಂತು. ಬರಲೇಬೇಕಿತ್ತು. ಈ ರಿಗ್ಗು, ವೆಸ್ಟುಗಳ ಪಟ್ಟಿಗಳೆಲ್ಲ ಎದೆ ಇಲ್ಲದವರಿಗೆ ಹೊಲಿದ ಹಾಗಿರುತ್ತವೆ. ಈಜಿರಿಗ್ ಅನ್ನುವ, ಬೆನ್ನಿನ ಕಂಬದಿಂದ ಕ್ಯಾಮೆರಾ ತೂಗುಹಾಕುವ ವೆಸ್ಟ್ ಹಾಕಿಕೊಂಡರೆ ಭಾರ ಭುಜದಿಂದ ಸೊಂಟಕ್ಕೆ ಇಳಿಯುತ್ತದೆ, ನಮ್ಮಂಥವರಿಗೆ ಅದು ವಾಸಿ. ಆದರೆ ಸೊಂಟದ ಬೆಲ್ಟ್ ಮೊದಲು ಬಿಗಿ ಮಾಡಿ ಆಮೇಲೆ ಎದೆಯ ಪಟ್ಟಿ ಸಡಿಲವಾಗಿ ಹಾಕಬೇಕು ಅನ್ನುವುದನ್ನು ಹೇಳಲು ಒಬ್ಬ ಹೆಂಗಸೇ ಬೇಕಾಯಿತು. ಒಬ್ಬ ಟ್ರಾನ್ಸ್ ಹುಡುಗ ಎದೆ ಚಪ್ಪಟೆ ಕಾಣುವಂತೆ ಬಿಗಿಯುವ ಬೈಂಡರ್ ಹಾಕಿಕೊಂಡಿದ್ದ. ಅದರ ಮೇಲೆ ಭಾರ ಹೊತ್ತರೆ ಉಸಿರು ಕಟ್ಟುತ್ತದೆ. ಟೀಚರ್ ಎಲ್ಲರ ಮುಂದೆ ಕೇಳಲಿಲ್ಲ. ಎಲ್ಲರಿಗೂ ಒಂದೇ ರೂಲ್ ಮಾಡಿದರು: ಪ್ರತಿ ಟೇಕ್ ಆದಮೇಲೆ ಕ್ಯಾಮೆರಾ ಕೆಳಗೆ, ಆಪರೇಟರ್ ಬದಲು. ಅವನು ತನ್ನ ಟೇಕ್ ಮಾಡಿದ, ಚೆನ್ನಾಗಿಯೇ ಮಾಡಿದ.

ಬಾತ್‌ರೂಮ್ ಬಗ್ಗೆಯೂ ಹೇಳಿಬಿಡುತ್ತೇನೆ. 2024ರಲ್ಲಿ ಹೊರಬಂದ, ಮಲಯಾಳಂ ಚಿತ್ರರಂಗದ ಹೆಂಗಸರ ಸ್ಥಿತಿ ಕುರಿತ ಕೇರಳದ ಹೇಮಾ ಸಮಿತಿ ವರದಿಯಲ್ಲಿ ಔಟ್‌ಡೋರ್ ಸೆಟ್ಟುಗಳಲ್ಲಿ ಟಾಯ್ಲೆಟ್ ಇಲ್ಲದೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ ಅಂತ ಬಂದಿತ್ತಲ್ಲ. ನಮಗೆ ಅದು ಸುದ್ದಿಯೇ ಆಗಿರಲಿಲ್ಲ. ಈ ಮನೆಯಲ್ಲಿ ಬಾಗಿಲ ಮೇಲೆ ಗಂಡು, ಹೆಣ್ಣು ಅನ್ನುವ ಯಾವ ಗೊಂಬೆಯೂ ಇಲ್ಲದ ಬಾತ್‌ರೂಮ್ ಇತ್ತು. ಚಿಲಕ ಸರಿಯಿತ್ತು. ನೀರು ಕುಡಿದುಕೊಂಡೇ ಕೆಲಸ ಮಾಡಿದೆವು.

ಊಟದ ಹೊತ್ತಲ್ಲಿ ಅಣ್ಣ ಒಂದು ಮಾತು ತೆಗೆದರು. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ಕಿನಲ್ಲಿ ಸ್ವಾತಂತ್ರ್ಯಕ್ಕೂ ಮುಂಚೆಯೇ ಸಿನಿಮಾಟೋಗ್ರಫಿ ಕೋರ್ಸ್ ಇತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಓದಿ ಬೊಂಬಾಯಿಗೆ ಹೋದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ನಿರ್ದೇಶಕ ಗೋವಿಂದ ನಿಹಲಾನಿ ಓದಿದ್ದೂ ಅಲ್ಲೇ. ಅಷ್ಟು ಹಳೇ ದಾರಿ ನಮ್ಮದು. “ಹೆಂಗಸರು?” ಅಂತ ಯಾರೋ ಕೇಳಿದರು. ಟೀಚರ್ ಬಿ.ಆರ್. ವಿಜಯಲಕ್ಷ್ಮಿ ಹೆಸರು ಹೇಳಿದರು. ನಮ್ಮ ಬಿ.ಆರ್. ಪಂತುಲು ಅವರ ಮಗಳು. ಸಿನಿಮಾಟೋಗ್ರಾಫರ್ ಅಶೋಕ್ ಕುಮಾರ್ ಹತ್ತಿರ ಅಸಿಸ್ಟೆಂಟ್ ಆಗಿದ್ದು, 1985ರಲ್ಲಿ ತಮಿಳಿನಲ್ಲಿ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದರು. ಏಷ್ಯಾದ ಮೊದಲ ಮಹಿಳಾ ಸಿನಿಮಾಟೋಗ್ರಾಫರ್ ಅಂತ ಅವರಿಗೆ ಹೆಸರು. ಆಸ್ಕರ್‌ನ ಛಾಯಾಗ್ರಹಣ ವಿಭಾಗದಲ್ಲಿ ಹೆಣ್ಣಿನ ಹೆಸರು ನಾಮಿನೇಷನ್ ಪಟ್ಟಿಗೆ ಮೊದಲ ಸಲ ಬಂದದ್ದೇ 2018ರಲ್ಲಿ. ಪಂತುಲು ಅವರ ಮಗಳಿಗೆ ಸ್ಟುಡಿಯೋ ಅಂಗಳ ಹೊಸದಲ್ಲ. ಹಾಸನದ ಹುಡುಗಿಗೆ ಆ ಅಂಗಳ ಇಲ್ಲ. ಇಂಥ ತರಬೇತಿ ಬೇಕಾಗಿರುವುದು ಅದಕ್ಕೇ ಅಂತ ನನಗೆ ಅನ್ನಿಸುತ್ತದೆ. ಹೆಂಗಸರಿಗೆ ಬೇರೆ ಕ್ಲಾಸ್ ಯಾಕೆ, ಎಲ್ಲರ ಜೊತೆ ಕಲಿಯಲಿ ಅನ್ನುವವರಿದ್ದಾರೆ. ಕಲಿಯಬಹುದು, ಎಲ್ಲರ ಜೊತೆ ಇರುವಾಗ ನಮ್ಮ ಕೈಗೂ ಚಕ್ರ ಬಂದರೆ.

ಡೇಟಾ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಡ್ರೈವಿಗೆ ಕಾಪಿ, ಚೆಕ್‌ಸಮ್ (ಕಾಪಿ ಮೂಲದ ಹಾಗೇ ಇದೆಯಾ ಅನ್ನುವ ತಾಳೆ) ಸರಿ ಬಂದಮೇಲೇ ಕಾರ್ಡ್ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ. ತುಂಬಿದ ಕಾರ್ಡಿಗೆ ಕೆಂಪು ಟೇಪ್. ಮನೆಗೆ ಹೋಗುವ ಆತುರದಲ್ಲೂ ಈ ಕ್ರಮ ಬಿಡಬಾರದು.

ಈಗ ನಾನು ಕ್ಯಾಮೆರಾ ವಿಭಾಗದಲ್ಲಿ ಸೆಕೆಂಡ್ ಅಸಿಸ್ಟೆಂಟ್. ಮೊದಲ ಕೆಲಸ ಒಂದು ಚಿಕ್ಕ ಸಿನಿಮಾ. ಶೂಟಿಂಗಿಗೆ ಮುಂಚೆ ಬಾಡಿಗೆ ಕಂಪನಿಗೆ ಹೋಗಿ ಸಾಮಾನೆಲ್ಲ ಪರೀಕ್ಷೆ ಮಾಡಿ ಬರಬೇಕು. ಒಂದೊಂದು ಲೆನ್ಸಿಗೂ ಟಾರ್ಚ್ ಬಿಟ್ಟು ಗೀರು ನೋಡಿದೆ. ಚಾರ್ಟ್ ಇಟ್ಟು ಫೋಕಸ್ ಗುರುತು ಸರಿ ಇದೆಯಾ ನೋಡಿದೆ. ಲೆನ್ಸಿನ ತೂತನ್ನು ಟಿ 22ರಷ್ಟು ಕಿರಿದು ಮಾಡಿ ಬಿಳಿ ಗೋಡೆ ತೋರಿಸಿ ಸೆನ್ಸರ್ ಮೇಲಿನ ಧೂಳು ಹುಡುಕಿದೆ. ಅಲ್ಲಿನ ಅಟೆಂಡರ್ ಹುಡುಗ ಅಭ್ಯಾಸಬಲದಲ್ಲಿ ಕೈ ಚಾಚಿದ. 75 ಎಂಎಂ ಅವನ ಕೈಗಿಡುತ್ತಾ “ಹಿಡ್ಕೊಂಡ್ರಾ?” ಅಂದೆ. ಬಿಡಲಿಲ್ಲ. ಅವನು ಒಂದು ಕ್ಷಣ ತಬ್ಬಿಬ್ಬಾಗಿ “ಹಿಡ್ಕೊಂಡೆ ಮೇಡಂ” ಅಂದ. ಆಮೇಲೆ ಇಬ್ಬರೂ ಸೇರಿ ಪಟ್ಟಿ ಮುಗಿಸಿದೆವು. ಒಂದು ಬ್ಯಾಟರಿ ಸರಿಯಿರಲಿಲ್ಲ, ಬದಲಿಸಿಕೊಟ್ಟರು.

ಪರೀಕ್ಷೆ ಮಾಡಿದ ದಿನಕ್ಕೆ ಸಂಬಳ ಇಲ್ಲ, ಬಾಟಾ (ದಿನದ ಖರ್ಚಿನ ದುಡ್ಡು) ಮಾತ್ರ ಅಂದರು ಪ್ರೊಡಕ್ಷನ್ ಮ್ಯಾನೇಜರ್. ಟೀಚರ್ ಇದನ್ನೂ ಮೊದಲೇ ಹೇಳಿದ್ದರು: ಅದು ಕೆಲಸದ ದಿನವೇ, ಬಿಲ್ಲಿನಲ್ಲಿ ಸೇರಿಸಿ. ಸೇರಿಸಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ, ಸೋಮವಾರ ಮತ್ತೆ ಫೋನ್ ಮಾಡಬೇಕು.